ಲೂಥರ್ ಮಾರ್ಟಿನ್‌ಗೆ ಐದು ಡಾಲರ್

ಇವತ್ತಿನ ಕತೆ ಒಂದು ವಿಚಿತ್ರ ಫೀಸಿನದು. 1822ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಶಾಸನಸಭೆ ಒಂದು ನಿರ್ಣಯ ಮಾಡಿತು: ರಾಜ್ಯದಲ್ಲಿ ವಕೀಲಿಕೆ ಮಾಡೋ ಪ್ರತಿಯೊಬ್ಬರೂ ವರ್ಷಕ್ಕೆ 5 ಡಾಲರ್ ಕಟ್ಟಬೇಕು. ದುಡ್ಡು ಖಜಾನೆಗಲ್ಲ, ಒಬ್ಬ ಮುದಿ ವಕೀಲನ ಹೊಟ್ಟೆಪಾಡಿಗೆ. ಅವನೇ ಲೂಥರ್ ಮಾರ್ಟಿನ್.

ನ್ಯೂಜೆರ್ಸಿಯ ರೈತ ಕುಟುಂಬದ ಹುಡುಗ. ಈಗ ಪ್ರಿನ್ಸ್‌ಟನ್ ಅಂತೀವಲ್ಲ, ಆ ಕಾಲೇಜಲ್ಲಿ 1766ರಲ್ಲಿ ಪದವಿ ಮುಗಿಸಿದ. ಮೇರಿಲ್ಯಾಂಡಿಗೆ ಬಂದು ಮೇಷ್ಟ್ರಾದ, ಆಮೇಲೆ ವಕೀಲನಾದ. 1778ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಆದವನು 1805ರವರೆಗೆ ಆ ಕುರ್ಚಿ ಬಿಡಲಿಲ್ಲ. ಕುಡಿತಕ್ಕೆ ಎಷ್ಟು ಹೆಸರೋ, ಕಾನೂನಿನ ಜ್ಞಾಪಕಶಕ್ತಿಗೂ ಅಷ್ಟೇ ಹೆಸರು.

1787ರಲ್ಲಿ ಸಂವಿಧಾನ ಬರೆಯೋಕೆ ಫಿಲಡೆಲ್ಫಿಯಾದಲ್ಲಿ ಸಭೆ ಸೇರಿತು. ಮಾರ್ಟಿನ್‌ಗೆ ಇದ್ದದ್ದು ಒಂದೇ ಭಯ: ಕೇಂದ್ರ ಬಲವಾದರೆ ಸಣ್ಣ ರಾಜ್ಯಗಳನ್ನ ನುಂಗಿಬಿಡುತ್ತೆ. ಜೂನ್ ಕೊನೆಯ ಬಿಸಿಲಲ್ಲಿ ಮೂರು ಗಂಟೆಗೂ ಮಿಕ್ಕಿ ಮಾತಾಡಿದ, ಸಾಲದು ಅಂತ ಮರುದಿನವೂ ಮುಂದುವರಿಸಿದ. ಕೇಳೋರಿಗೆ ಸಾಕುಸಾಕಾಗಿತ್ತು.

ಅದೇ ಸಭೆಯಲ್ಲಿ ಇನ್ನೊಂದು ಪ್ರಸ್ತಾಪ ಇತ್ತು: ರಾಜ್ಯಗಳ ಕಾನೂನನ್ನ ರದ್ದು ಮಾಡೋ ಅಧಿಕಾರ ಕೇಂದ್ರದ ಸಂಸತ್ತಿಗೆ ಕೊಡೋಣ ಅಂತ. ಅದು ಬಿದ್ದುಹೋಯಿತು. ಅದರ ಜಾಗಕ್ಕೆ ಜುಲೈ 17ರಂದು ಮಾರ್ಟಿನ್ನೇ ಒಂದು ವಾಕ್ಯ ತಂದ. ಕೇಂದ್ರದ ಕಾನೂನಿಗೆ ರಾಜ್ಯಗಳ ನ್ಯಾಯಾಧೀಶರು ಬದ್ಧರಾಗಿರಬೇಕು ಅನ್ನೋದು ಅದರ ಸಾರ. ಸಂಸತ್ತಿನ ಕೈಗೆ ಕತ್ತಿ ಕೊಡೋದಕ್ಕಿಂತ ನಮ್ಮೂರ ಕೋರ್ಟೇ ವಾಸಿ ಅನ್ನೋ ಲೆಕ್ಕ ಇದ್ದಿರಬೇಕು. ಆ ವಾಕ್ಯವನ್ನ ಉಳಿದವರು ತಿದ್ದಿ, ಬಿಗಿ ಮಾಡಿ, ಸಂವಿಧಾನಕ್ಕಿಂತ ಮಿಗಿಲು ಯಾವುದೂ ಇಲ್ಲ ಅನ್ನೋ ವಿಧಿಯಾಗಿ ಬೆಳೆಸಿದರು.

ಆಗಸ್ಟಿನಲ್ಲಿ, ಹೊರಗಿಂದ ಗುಲಾಮರನ್ನ ತರಿಸೋದಕ್ಕೆ ತೆರಿಗೆ ಹಾಕೋ ಇಲ್ಲವೇ ನಿಷೇಧಿಸೋ ಅವಕಾಶ ಇರಲಿ ಅಂತ ಕೇಳಿದವನೂ ಇವನೇ. ಸ್ವಾತಂತ್ರ್ಯಕ್ಕೆ ಹೋರಾಡಿದವರಿಗೆ ಈ ವ್ಯಾಪಾರ ನಾಚಿಕೆಗೇಡು ಅಂತ ವಾದಿಸಿದ. ಅವನ ಮನೆಯಲ್ಲೂ ಗುಲಾಮರಿದ್ದರು, ಅದನ್ನ ಬಿಟ್ಟು ಹೇಳಿದ್ರೆ ಕತೆ ಅರ್ಧ. ಕೊನೆಗೆ ಸಂವಿಧಾನಕ್ಕೆ ಸಹಿ ಹಾಕದೆ ಊರಿಗೆ ಹೊರಟುಹೋದ.

ಈಗ 1819ಕ್ಕೆ ಬನ್ನಿ. ಬಿಕಾಂ ಓದಿದ ನನ್ನಂಥವನಿಗೆ ಕಿವಿ ನಿಮಿರೋದು ಇಲ್ಲೇ. ಕೇಂದ್ರ ಸರ್ಕಾರ ಹುಟ್ಟುಹಾಕಿದ ಬ್ಯಾಂಕಿನ ಶಾಖೆಯೊಂದು ಬಾಲ್ಟಿಮೋರಿನಲ್ಲಿತ್ತು. ಮೇರಿಲ್ಯಾಂಡ್ ಅದರ ನೋಟುಗಳ ಮೇಲೆ ತೆರಿಗೆ ಹಾಕಿತು, ಅದು ಬೇಡ ಅಂದ್ರೆ ವರ್ಷಕ್ಕೆ ಒಟ್ಟಿಗೇ 15,000 ಡಾಲರ್. ಕ್ಯಾಷಿಯರ್ ಮೆಕಲ್ಲಾಕ್ ಕಟ್ಟಲಿಲ್ಲ. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಅಷ್ಟೊತ್ತಿಗೆ ಮತ್ತೆ ಅಟಾರ್ನಿ ಜನರಲ್ ಆಗಿದ್ದ, ಎಪ್ಪತ್ತರ ಆಸುಪಾಸಿನ ಮಾರ್ಟಿನ್ ರಾಜ್ಯದ ಪರ ದಿನಗಟ್ಟಲೆ ವಾದಿಸಿದ.

ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ತೀರ್ಪು ಓದಿದರು. ಬ್ಯಾಂಕ್ ಸಿಂಧು, ತೆರಿಗೆ ಅಸಿಂಧು. ಒಬ್ಬ ನ್ಯಾಯಮೂರ್ತಿಯೂ ಬೇರೆ ಮಾತಾಡಲಿಲ್ಲ. ಆಧಾರ ಯಾವುದು ಗೊತ್ತಾ? ಕೇಂದ್ರದ ಕಾನೂನೇ ಮೇಲು ಅನ್ನೋ ಅದೇ ವಿಧಿ. ಮೂವತ್ತೆರಡು ವರ್ಷದ ಹಿಂದೆ ಇವನೇ ನೆಟ್ಟ ಬೀಜ, ಮರವಾಗಿ ಇವನ ತಲೆ ಮೇಲೇ ಬಿತ್ತು.

ಆಮೇಲೆ ಪಾರ್ಶ್ವವಾಯು, ಸಾಲ, ಮರೆವು. ಆಗ ಬಂದದ್ದೇ ಆ 5 ಡಾಲರ್ ನಿರ್ಣಯ. ಅದೂ ಹೆಚ್ಚು ದಿನ ಬಾಳಲಿಲ್ಲ, ಮರುವರ್ಷವೇ ರದ್ದಾಯಿತು. ಕೊನೆಗೆ ಕೈ ಹಿಡಿದವನು ಆರನ್ ಬರ್. ಹೌದು, ಹ್ಯಾಮಿಲ್ಟನ್‌ನನ್ನ ಗುಂಡಿಟ್ಟು ಕೊಂದ ಅದೇ ಬರ್. 1807ರಲ್ಲಿ ಅವನ ಮೇಲೆ ದೇಶದ್ರೋಹದ ಕೇಸು ನಡೆದಾಗ ಮಾರ್ಟಿನ್ ಅವನ ಪರ ನಿಂತಿದ್ದ. ಆ ಋಣ ಬರ್ ಮರೆಯಲಿಲ್ಲ, ನ್ಯೂಯಾರ್ಕಿನ ತನ್ನ ಮನೆಯಲ್ಲಿ ಮುದುಕನಿಗೆ ಜಾಗ ಕೊಟ್ಟ. 1826ರ ಜುಲೈನಲ್ಲಿ ಮಾರ್ಟಿನ್ ತೀರಿಕೊಂಡ. ಜೆಫರ್ಸನ್, ಆಡಮ್ಸ್ ಇಬ್ಬರೂ ಅದೇ ಜುಲೈ 4ರಂದು ಹೋಗಿದ್ದರು, ಇಡೀ ದೇಶ ಅವರ ಶೋಕದಲ್ಲಿತ್ತು.