ಮರಗಡ್ಡಿ ಹಿಪ್ಪುನೇರಳೆ

ರೇಷ್ಮೆ ಹುಳುವಿನ ಮೇವಾದ ಹಿಪ್ಪುನೇರಳೆಯನ್ನು ಪೊದೆಯಾಗಲು ಬಿಡದೆ, ಎಳೆಯದಾಗಿರುವಾಗಲೇ ಸವರಿ ಪಳಗಿಸಿ, ಒಂಟಿ ಕಾಂಡದ ಗಿಡ್ಡ ಮರವಾಗಿ ಬೆಳೆಸುವ ಪದ್ಧತಿ. ಮಳೆ ಕಡಿಮೆಯಾದ ಚಾಮರಾಜನಗರ ಸೀಮೆಗೆ ಇದು ಚೆನ್ನಾಗಿ ಹೊಂದುತ್ತದೆ.

ಹಳೆಯ ಮೈಸೂರಿನಲ್ಲಿ ರೇಷ್ಮೆ ಬೇರೂರಿದ್ದು 18ನೆಯ ಶತಮಾನದ ಕೊನೆಯಲ್ಲಿ, ಟಿಪ್ಪು ಸುಲ್ತಾನ ಬಂಗಾಳದಿಂದ ಹುಳು ತರಿಸಿದ ಮೇಲೆ. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ, ಮದ್ರಾಸ್ ಪ್ರಾಂತ್ಯದ ಮುಖ್ಯ ರೇಷ್ಮೆ ನೆಲೆಯಾಗಿತ್ತು. ಮಾಂಬಳ್ಳಿ, ಸಂತೇಮರಹಳ್ಳಿಗಳಲ್ಲಿ ಸರ್ಕಾರಿ ನೂಲು ಬಿಚ್ಚಾಣಿಕೆ ಕಾರ್ಖಾನೆಗಳು ನಡೆದವು. ಆಗಿನ ತೋಟಗಳು ಹೆಚ್ಚಾಗಿ ಗುಣಿಯಲ್ಲಿ ನೆಟ್ಟ ನಾಟಿ ಕಡ್ಡಿಯವು. ಮುಂಗಾರು ಹಿಡಿಯುತ್ತಿದ್ದಂತೆ ಗಿಡವನ್ನು ನೆಲಮಟ್ಟಕ್ಕೆ ಕೊಯ್ಯುತ್ತಿದ್ದರು. ಬುಡದಿಂದ ಹತ್ತಾರು ಕಡ್ಡಿ ಚಿಗುರಿ ಪೊದೆ ತುಂಬುತ್ತಿತ್ತು.

ಮರಗಡ್ಡಿಯಲ್ಲಿ ಕೆಲಸ ತಿರುಗುಮುರುಗು. ಆರೆಂಟು ತಿಂಗಳ ಬಲಿತ ಕಡ್ಡಿಯಿಂದ ಮೂರು ಕಣ್ಣಿನ ತುಂಡು ತೆಗೆದು, ಸಸಿಮಡಿಯಲ್ಲಿ ಬೇರು ಬರಿಸಿ, ಎಂಟು–ಹತ್ತು ಅಡಿ ಅಂತರದಲ್ಲಿ ನಾಟಿ ಮಾಡುತ್ತಾರೆ. ನೆಟ್ಟಗೆ ಏಳುವ ಒಂದೇ ಚಿಗುರನ್ನು ಉಳಿಸಿ, ಪಕ್ಕದವನ್ನು ಎಳೆಯದರಲ್ಲೇ ಚಿವುಟಬೇಕು. ಕಾಂಡ ನಾಲ್ಕೈದು ಅಡಿ ಏರಿದಾಗ ತುದಿ ಕತ್ತರಿಸುತ್ತಾರೆ. ತುದಿಮೊಗ್ಗಿನ ಹಿಡಿತ ತಪ್ಪುತ್ತಲೇ ಕೆಳಗಿನ ಕಣ್ಣುಗಳು ಒಡೆಯುತ್ತವೆ. ಅವುಗಳಲ್ಲಿ ಬೇರೆಬೇರೆ ದಿಕ್ಕಿನ ಮೂರು–ನಾಲ್ಕನ್ನು ಉಳಿಸಿಕೊಂಡು, ಮುಂದೆ ಅವನ್ನೂ ಮೊಟಕು ಮಾಡಿದರೆ ನೆತ್ತಿ ಕಟ್ಟಿಕೊಳ್ಳುತ್ತದೆ. ದ್ರಾಕ್ಷಿ ಬಳ್ಳಿಯನ್ನು ಚಪ್ಪರಕ್ಕೆ ಹತ್ತಿಸುವವರೂ ಮೊದಲ ವರ್ಷ ಮಾಡುವುದು ಬಹುಪಾಲು ಇದನ್ನೇ.

ಕಷ್ಟವೆಂದರೆ ಕಾಯುವುದು. ಹುಳು ಐದನೆಯ ಹಂತಕ್ಕೆ ಬಂದಾಗ ತಾನು ತಿನ್ನುವ ಒಟ್ಟು ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚನ್ನು ಆ ಕೆಲವೇ ದಿನಗಳಲ್ಲಿ ಮುಗಿಸುತ್ತದೆ. ಆಗ ಎಳೆ ಗಿಡದ ಮೇಲೂ ಕೈ ಹೋಗುತ್ತದೆ. ಬೇರು ಇಳಿಯುವ ಮೊದಲೇ ಸೊಪ್ಪು ಬೋಳಿಸಿದ ಗಿಡದ ಕಾಂಡ ಸೊರಗಿಯೇ ಉಳಿಯುತ್ತದೆ. ಮೊಂಡು ಕುಡುಗೋಲೂ ಅಷ್ಟೇ ಕೇಡು: ಸಿಪ್ಪೆ ಸುಲಿದು ಹಾಲು ಸೋರಿದ ಗಾಯ ಬೇಗ ಮಾಯುವುದಿಲ್ಲ. ಹಾಗಾಗಿ ಕತ್ತರಿಯೋ ಹರಿತವಾದ ಗರಗಸವೋ ಬೇಕು.

1961ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯ ವಿ-1 ತಳಿ ಬಿಡುಗಡೆಯಾದದ್ದು 1997ರಲ್ಲಿ. ದೊಡ್ಡ ಎಲೆಯ ಈ ತಳಿಯನ್ನು ಮರಗಡ್ಡಿಗೂ ಬಳಸುತ್ತಾರೆ. ಅರಿಶಿನ, ಬಾಳೆಗೆ ಹೆಸರಾದ ಗುಂಡ್ಲುಪೇಟೆ ಕಡೆಯ ರೈತರಿಗೆ ಅಗಲ ಸಾಲಿನ ಈ ತೋಟದಲ್ಲಿ ಇನ್ನೊಂದು ಅನುಕೂಲವಿದೆ: ನಡುವೆ ಟ್ರ್ಯಾಕ್ಟರ್ ಹಾಯುತ್ತದೆ, ಮಿಶ್ರ ಬೆಳೆಗೂ ಜಾಗ ಸಿಗುತ್ತದೆ.