ಲಕ್ಯಾ ಕಣಿವೆಯ ಕೆಸರು

ಕುದುರೆಮುಖವೆಂದರೆ ಇಂದಿನ ತರುಣರಿಗೆ ಚಾರಣದ ಹಾದಿ ನೆನಪಾಗುತ್ತದೆ. ಕಾಲು ಶತಮಾನದ ಕಾಲ ಅದು ಕಬ್ಬಿಣದ ಅದಿರಿನ ಹೆಸರಾಗಿತ್ತು.

ಇರಾನಿನ ಷಾ ಸರ್ಕಾರವು 1975ರಲ್ಲಿ ಇಲ್ಲಿಯ ಅದಿರನ್ನು ಕೊಳ್ಳುವುದಾಗಿಯೂ, ಯೋಜನೆಗೆ 63 ಕೋಟಿ ಡಾಲರುಗಳ ಸಾಲ ಕೊಡುವುದಾಗಿಯೂ ಕರಾರು ಮಾಡಿಕೊಂಡಿತು. ಮರುವರ್ಷ ಕೇಂದ್ರ ಸರ್ಕಾರದ ಒಡೆತನದಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿಯು ಸ್ಥಾಪನೆಯಾಯಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ, ಕೊಳ್ಳಬೇಕಾದವನೇ ಹಿಂದೆ ಸರಿದನು. ಆಗಲೇ ಕಾಡನ್ನು ಬಿಟ್ಟುಬಿಡಬಹುದಾಗಿತ್ತಲ್ಲವೆ ಎಂದು ಈಗ ಅನ್ನಿಸುವುದು ಸಹಜ. ಆದರೆ ಯಂತ್ರಗಳು ಬಂದಿದ್ದವು, ಹಣ ಸುರಿದಾಗಿತ್ತು. ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಲಾಯಿತು.

ಇಲ್ಲಿಯ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಮೂರು ಟನ್ನು ಅದಿರುಕಲ್ಲನ್ನು ಪುಡಿಮಾಡಿ ತೊಳೆದರೆ ಸುಮಾರು ಒಂದು ಟನ್ನು ಸಾರ ದೊರೆಯುತ್ತಿತ್ತು. ಅದು ನೀರಿನೊಡನೆ ಬೆರೆತು, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟವಿಳಿದು ಮಂಗಳೂರು ಸೇರುತ್ತಿತ್ತು. ಉಳಿದ ಎರಡು ಪಾಲು ಕೆಸರು, ಭದ್ರೆಯನ್ನು ಸೇರುವ ಲಕ್ಯಾ ಹೊಳೆಗೆ ಅಡ್ಡಲಾಗಿ ಕಟ್ಟಿದ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ವರ್ಷ ವರ್ಷವೂ ತುಂಬುತ್ತ ಹೋಯಿತು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ, ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ ಗಿರಿಸೀಮೆಯಿದು. ಅಗೆದ ಗುಡ್ಡಗಳ ಮಣ್ಣು ಮಳೆಗಾಲದಲ್ಲಿ ನದಿಗೆ ಇಳಿಯಿತು. ಕೆಳಗಣ ರೈತರು ಹೂಳಿನ ದೂರು ಹೇಳಿದರು.

1987ರಲ್ಲಿ ಈ ಸೀಮೆಯನ್ನು ರಾಷ್ಟ್ರೀಯ ಉದ್ಯಾನವಾಗಿಸುವ ಮೊದಲ ಪ್ರಕಟಣೆ ಹೊರಟಿತು. ಗಣಿಯೂ ಮುಂದುವರಿಯಿತು. 30 ವರ್ಷಗಳ ಗುತ್ತಿಗೆಯು 1999ರಲ್ಲಿ ಮುಗಿದ ಮೇಲೆಯೂ ತಾತ್ಕಾಲಿಕ ಅನುಮತಿಗಳ ಬಲದಿಂದ ಅಗೆತ ನಡೆಯಿತು. ಅಗೆಯುವುದೂ ಸರ್ಕಾರವೇ, ಕಾಡನ್ನು ಕಾಯುವುದೂ ಸರ್ಕಾರವೇ ಆದಲ್ಲಿ ಹೊಣೆ ಯಾರದು? ನಮ್ಮ ಶಾಸ್ತ್ರಕಾರರು ಕೃತ, ಕಾರಿತ, ಅನುಮತ ಎಂದು ಮಾಡಿದವನನ್ನೂ ಮಾಡಿಸಿದವನನ್ನೂ ಒಪ್ಪಿದವನನ್ನೂ ಒಟ್ಟಿಗೆ ಎಣಿಸಿದರು. ಕಂಪನಿಯ ಕಾನೂನಿನಲ್ಲಿ ಈ ಎಣಿಕೆಯಿಲ್ಲ. ಅಲ್ಲಿ ಷೇರುದಾರನ ಹೊಣೆಯು ಅವನು ಹೂಡಿದ ಹಣಕ್ಕೆ ಸೀಮಿತ.

ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ. ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 30ರಂದು ತೀರ್ಪಿತ್ತಿತು. 2005ರ ಕೊನೆಗೆ ಗಣಿ ನಿಂತಿತು. ಕಾರ್ಮಿಕರ ಕುಟುಂಬಗಳು ಬೆಟ್ಟದ ಮೇಲಿನ ಊರನ್ನು ಬಿಟ್ಟು ಹೊರಟವು. ಇವರ ಸಂಕಟವನ್ನು ಕಾಡಿನ ಪರವಾಗಿ ಬರೆಯುವವರು ಅಷ್ಟಾಗಿ ನೆನೆಯುವುದಿಲ್ಲ, ಅದು ಸರಿಯಲ್ಲ. ಕರಾರಿಗೆ ರುಜು ಹಾಕಿದವರು ಅವರಲ್ಲ.

ಕೆಡಿಸಿದವನೇ ಸರಿಪಡಿಸುವ ವೆಚ್ಚವನ್ನೂ ಹೊರಬೇಕೆಂಬ ತತ್ತ್ವವನ್ನು ಅದೇ ನ್ಯಾಯಾಲಯವು 1996ರಲ್ಲಿ, ತಮಿಳುನಾಡಿನ ಚರ್ಮ ಹದಮಾಡುವ ಕಾರ್ಖಾನೆಗಳ ಮೊಕದ್ದಮೆಯಲ್ಲಿ, ನಮ್ಮ ನೆಲದ ಕಾನೂನೆಂದು ಒಪ್ಪಿತ್ತು. ಅಗೆತವನ್ನು ನಿಲ್ಲಿಸುವುದೇ ಸರಿಪಡಿಸಿದಂತಾಗದು. ಕಂಪನಿಯು ಮುಂದೆ ಬೇರೆಡೆಯ ಅದಿರನ್ನು ತರಿಸಿ ಮಂಗಳೂರಿನಲ್ಲಿ ಪೆಲೆಟ್ ತಯಾರಿಸಿತು. ಲಕ್ಯಾ ಕಣಿವೆಯ ಕೆಸರು ಮಾತ್ರ ಅಲ್ಲಿಯೇ ಉಳಿಯಿತು. ಪ್ರತಿ ಮುಂಗಾರಿನಲ್ಲಿಯೂ ಆ ಅಣೆಕಟ್ಟನ್ನು ನೋಡಿಕೊಳ್ಳುವವರು ಇರಲೇಬೇಕು, ಕಂಪನಿಯು ಇರಲಿ, ಇಲ್ಲದಿರಲಿ.