ಮಳೆಮಾಪಕಕ್ಕೆ ಕಾಣದ ನೀರು

ಮಳೆಗಾಲಕ್ಕೂ ಚಳಿಜ್ವರಕ್ಕೂ ನಂಟಿದೆಯೆಂಬುದು ಹಳೆಯ ತಿಳಿವಳಿಕೆ. ಆ ನಂಟಿಗೆ ಸೊಳ್ಳೆಯೇ ಕೊಂಡಿ ಎಂಬುದು ಗಟ್ಟಿಯಾದದ್ದು 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಜಠರದಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡ ಮೇಲೆ. ಪಂಜಾಬಿನ 1908ರ ಮಲೇರಿಯಾ ಪಿಡುಗನ್ನು ಕುರಿತ ಕ್ರಿಸ್ಟೋಫರ್ಸ್‌ರ 1911ರ ವರದಿ ಮಳೆಯ ಜೊತೆಗೆ ಧಾನ್ಯದ ಬೆಲೆಯನ್ನೂ ಹೊಣೆ ಮಾಡಿತು. 1920ರ ದಶಕದಲ್ಲಿ ಸಿ. ಎ. ಗಿಲ್ ಜುಲೈ–ಆಗಸ್ಟ್ ಮಳೆ, ಮಕ್ಕಳ ಗುಲ್ಮದ ಊತ, ಧಾನ್ಯದ ಬೆಲೆ ಇವನ್ನು ಕೂಡಿಸಿ ಪಿಡುಗನ್ನು ಮೊದಲೇ ಹೇಳುವ ಪದ್ಧತಿ ರೂಪಿಸಿದರು. ಇಂದು ಹೊಸದೆಂದು ಮೆರೆಯುವ ಎಷ್ಟೋ ಮುನ್ಸೂಚನೆಗಳು ಇಷ್ಟನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಳೆ ಹೆಚ್ಚಿದರೆ ಸೊಳ್ಳೆ ಹೆಚ್ಚು ಎಂಬ ಸರಳ ಸೂತ್ರ 1934–35ರಲ್ಲೇ ಮುರಿದುಬಿತ್ತು. ಸಿಂಹಳದಲ್ಲಿ ಮಳೆ ಕೈಕೊಟ್ಟು ಹೊಳೆಗಳು ಬತ್ತಿ ಮಡುಗಳಾದವು. ಅವುಗಳಲ್ಲಿ ಮಲೇರಿಯಾ ಹರಡುವ ಸೊಳ್ಳೆ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಹುಲುಸಾಗಿ ಬೆಳೆಯಿತು. ಮಲೇರಿಯಾಕ್ಕೆ ಸುಮಾರು 80,000 ಜನ ಸತ್ತರು.

ಸೂತ್ರವನ್ನು ಬಿಟ್ಟು ಸ್ಥಳವನ್ನು ಓದುವುದನ್ನು ಕಲಿಸಿದ್ದು ಮೈಸೂರು ಸಂಸ್ಥಾನದಲ್ಲಿ ನಡೆದ ಕೆಲಸ. 1930ರ ದಶಕದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಡಬ್ಲ್ಯು. ಸಿ. ಸ್ವೀಟ್, ಬಿ. ಎ. ರಾವ್ ಮತ್ತು ಸಂಗಡಿಗರು ಸೊಳ್ಳೆಗಳನ್ನು ಹಿಡಿದು, ಸೀಳಿ ನೋಡಿದರು. ಮೂಡಿಗೆರೆಯ ಕಡೆ ರೋಗ ಹರಡುವುದು ಅನಾಫಿಲಿಸ್ ಫ್ಲೂವಿಯಾಟಿಲಿಸ್. ಮೆಲ್ಲಗೆ ಹರಿಯುವ ತಿಳಿನೀರ ತೊರೆಯ ಅಂಚೇ ಅದರ ಬೀಡು. ಆರಿದ್ರಾ, ಪುನರ್ವಸು ಮಳೆಗಳ ಜಡಿ ಅದರ ಮರಿಹುಳುಗಳನ್ನು ಕೊಚ್ಚಿ ಒಯ್ಯುತ್ತದೆ. ಮಳೆ ಇಳಿದು ತೊರೆ ತಿಳಿಯಾದಾಗ ಸಂತತಿ ಏರುತ್ತದೆ. ಮಂಡ್ಯದ ನಾಲೆ ಬಯಲಿನ ಕ್ಯುಲಿಸಿಫೇಸಿಸ್‌ಗಾದರೋ ಮಳೆಯ ಹಂಗೇ ಇಲ್ಲ. ಕನ್ನಂಬಾಡಿ ಅಣೆಕಟ್ಟೆಯ ನೀರು ಜಿನುಗಿ ನಿಂತಲ್ಲೆಲ್ಲ ಅದು ಮೊಟ್ಟೆಯಿಡುತ್ತದೆ. ಉತ್ತರ ಕನ್ನಡ, ಧಾರವಾಡಗಳಲ್ಲಿ ದುಡಿದ ಟಿ. ರಾಮಚಂದ್ರ ರಾವ್ ಭಾರತದ ಅನಾಫಿಲಿಸ್‌ಗಳನ್ನು ಕುರಿತು ಬರೆದ ಗ್ರಂಥ ಈ ಪರಂಪರೆಯ ಶಿಖರ.

ಡಿಡಿಟಿ ಕೀಟನಾಶಕ ಬಂದ ಮೇಲೆ ನೀರನ್ನು ನೋಡುವವರು ಕಡಿಮೆಯಾದರು. 1960ರ ದಶಕದಲ್ಲಿ ಒಂದು ಲಕ್ಷದ ಆಸುಪಾಸಿಗೆ ಇಳಿದಿದ್ದ ದೇಶದ ಮಲೇರಿಯಾ ಪ್ರಕರಣಗಳು 1976ರಲ್ಲಿ 64 ಲಕ್ಷಕ್ಕೇರಿದವು. ಆಮೇಲೆ ಕ್ಷೇತ್ರ ಕೀಟಶಾಸ್ತ್ರಕ್ಕೆ ಮರುಜೀವ ಬಂತು. ಕೋಲಾರ, ಹಾಸನಗಳ ರೇಷ್ಮೆ ಸೀಮೆಯಲ್ಲಿ ಹುಳು ಸಾಕುವ ಮನೆಗಳು ಕೀಟನಾಶಕ ಸಿಂಪಡಣೆಗೆ ಒಪ್ಪವು. ಬೇಸಿಗೆಯಲ್ಲಿ ಕೆರೆಕುಂಟೆ ಬತ್ತಿದರೂ ಬಾವಿಯಲ್ಲಿ ನೀರಿರುತ್ತದೆ. ಸೊಳ್ಳೆಯ ತಳಿ ಅಲ್ಲೇ ಉಳಿಯುತ್ತದೆ. ಇದನ್ನು ಅರಿತು ಬಾವಿಗಳಿಗೆ ಗಪ್ಪಿ ಮೀನು ಬಿಟ್ಟಾಗ ಮಲೇರಿಯಾ ಇಳಿಯಿತು.

ಉಷ್ಣತೆಯ ಲೆಕ್ಕ ಬೇರೆ ದಾರಿಯಿಂದ ಬಂತು. 1962ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ದೆತಿನೋವಾರ ಗ್ರಂಥದ ಸೂತ್ರದಂತೆ, ಫಾಲ್ಸಿಪಾರಂ ಪರೋಪಜೀವಿ ಸೊಳ್ಳೆಯೊಳಗೆ ಬಲಿಯಲು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 28 ದಿನ, 25ರಲ್ಲಿ ಸುಮಾರು 12 ದಿನ ಬೇಕು. ಅಷ್ಟು ಕಾಲ ಸೊಳ್ಳೆ ಬದುಕಿದ್ದರೆ ಮಾತ್ರ ರೋಗ ದಾಟೀತು. ಸೆಕೆ ಏರಿದಷ್ಟೂ ಮಲೇರಿಯಾ ಏರುತ್ತದೆಂಬ ಚಾಲ್ತಿಯ ಮಾತನ್ನು 2013ರ ಗಣಿತ ಮಾದರಿಯೊಂದು ತಿದ್ದಿತು: ಹರಡುವಿಕೆ 25 ಡಿಗ್ರಿಯ ಸುಮಾರಿಗೆ ತುದಿ ಮುಟ್ಟಿ, 28 ದಾಟಿದರೆ ಕುಸಿಯುತ್ತದೆ. ಆದರೂ ಸೊಳ್ಳೆ ಹಗಲು ಕಳೆಯುವ ದನದ ಕೊಟ್ಟಿಗೆಯ ತಂಪು ಹವಾಮಾನ ಕೇಂದ್ರದ ಅಂಕಿಯಲ್ಲಿಲ್ಲ.

ನಗರದಲ್ಲಿ ಮಳೆಯ ಸೂತ್ರ ಇನ್ನಷ್ಟು ತೊಡಕಾಗುತ್ತದೆ. ಡೆಂಗೀ ಹರಡುವ ಈಡಿಸ್ ಈಜಿಪ್ಟಿಯ ಮೊಟ್ಟೆ ಒಣಗಿದ ತೊಟ್ಟಿಯ ಗೋಡೆಗಂಟಿ ತಿಂಗಳುಗಟ್ಟಲೆ ಉಳಿದು, ನೀರು ತಾಗಿದೊಡನೆ ಒಡೆಯುತ್ತದೆ. ನಲ್ಲಿ ನೀರು ವಾರಕ್ಕೊಮ್ಮೆ ಬರುವ ಊರಿನಲ್ಲಿ ಜನ ಡ್ರಮ್ಮು ತುಂಬಿಡುವುದರಿಂದ ಬರಗಾಲವೇ ಅದಕ್ಕೆ ಸುಗ್ಗಿ. ಮಂಗಳೂರಿನ ಮಲೇರಿಯಾದ ವಾಹಕ ಅನಾಫಿಲಿಸ್ ಸ್ಟೀಫೆನ್ಸಿ. ಕಟ್ಟಡ ಕಾಮಗಾರಿಗಳಲ್ಲಿ ನಿಂತ ನೀರು, ತಾರಸಿಯ ಟ್ಯಾಂಕು ಅದರ ನೆಲೆ.

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಇಂದು ದೂರಮಾಪನ ಮಳೆಮಾಪಕಗಳಿವೆ. ಮಳೆಯ ಅಂಕಿಯನ್ನು ಆಸ್ಪತ್ರೆಯ ಅಂಕಿಗೆ ನೇರವಾಗಿ ಜೋಡಿಸುವ ಮಾದರಿಗಳು ನಡುವಿನ ಸೊಳ್ಳೆಯನ್ನೇ ಬಿಟ್ಟುಬಿಡುತ್ತವೆ. ಬೆಚ್ಚನೆಯ ನೀರಿನಲ್ಲಿ ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ಮಳೆ ದಾಖಲಾಗುವ ಪ್ರತಿ ಪಂಚಾಯಿತಿಯಲ್ಲೂ ಸೌಟು ಹಿಡಿದು ನೀರೆತ್ತಿ, ವಾರಕ್ಕೊಮ್ಮೆ ಮರಿಹುಳುಗಳನ್ನು ಎಣಿಸಿ ಬರೆದಿಡಬೇಕು.